ಮೂರನೆಯ ತಂತಿಯ ಚರಿತ್ರೆ

ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಎಂದರೆ ನಮಗೆ ಮೊದಲು ನೆನಪಾಗುವುದು ಶಿವನಸಮುದ್ರ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಾದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಪಾಠಪುಸ್ತಕಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ನಾವು ಓದುವ ಈ ಕಥೆ ಜಲಪಾತದಿಂದ ಹೊರಟು ಟರ್ಬೈನು, ಗೋಪುರ, ಟ್ರಾನ್ಸ್‌ಫಾರ್ಮರುಗಳನ್ನು ದಾಟಿ, ಮನೆಯ ಮೀಟರ್ ಪೆಟ್ಟಿಗೆಯ ಹತ್ತಿರ ಬಂದು ನಿಂತುಬಿಡುತ್ತದೆ. ಗೋಡೆಯ ಸಾಕೆಟ್ಟಿನಿಂದ ಇಸ್ತ್ರಿಪೆಟ್ಟಿಗೆಯ ತನಕ ಇರುವ ಕೊನೆಯ ಒಂದೂವರೆ ಮೀಟರ್ ವೈರನ್ನು ಚರಿತ್ರೆಕಾರರು ಸಾಮಾನ್ಯವಾಗಿ ಎಣಿಕೆಗೇ ತೆಗೆದುಕೊಳ್ಳುವುದಿಲ್ಲ.

ಮನುಷ್ಯನ ಕೈಗೂ ವಿದ್ಯುತ್ತಿಗೂ ನೇರ ಮುಖಾಮುಖಿಯಾಗುವುದು ಆ ಒಂದೂವರೆ ಮೀಟರಿನಲ್ಲಿ. ಅಣೆಕಟ್ಟನ್ನು ಇಂಜಿನಿಯರು ಕಟ್ಟುತ್ತಾನೆ, ಕಂಬವನ್ನು ಲೈನ್‌ಮನ್ ಹತ್ತುತ್ತಾನೆ. ಈ ತುಂಡು ವೈರನ್ನು ಮಾತ್ರ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮೀಟರ್ ಅಳೆಸಿ, ಒಂದು ಪ್ಲಗ್ಗು ಕೊಂಡು ತಂದು, ಹಲ್ಲಿನಲ್ಲೇ ಸಿಪ್ಪೆ ಸುಲಿದು, ಸ್ಕ್ರೂ ತಿರುಗಿಸಿದರೆ ಮುಗಿಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ವರದಿಗಳನ್ನು ತೆರೆದರೆ ವಿದ್ಯುದಾಘಾತದಿಂದ ಸತ್ತವರ ಸಂಖ್ಯೆ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರವನ್ನು ಮೀರಿದೆ. ಅದರಲ್ಲಿ ಹೊಲದ ಬೇಲಿಯದೂ ಇದೆ, ತುಂಡಾಗಿ ಬಿದ್ದ ಲೈನಿನದೂ ಇದೆ, ಮನೆಯೊಳಗಿನದೂ ಇದೆ. ಮನೆಯೊಳಗಿನ ಕಥೆ ಹೇಳಬೇಕಾದರೆ ಈ ವೈರಿನೊಳಗಿನ ಮೂರನೆಯ ತಂತಿಯ ಕಥೆಯನ್ನೇ ಹೇಳಬೇಕು.

ಮೊದಲಿಗೆ ಅದು ಇರಲೇ ಇಲ್ಲ. ವಿದ್ಯುತ್ತು ಮನೆಗಳಿಗೆ ಬಂದದ್ದು ದೀಪಕ್ಕಾಗಿ, ದೀಪಕ್ಕೆ ಎರಡು ತಂತಿ ಸಾಕು. ಬಲ್ಬು ಚಾವಣಿಯಲ್ಲಿ ತೂಗುತ್ತಿರುತ್ತದೆ, ಉರಿಯುವಾಗ ಅದನ್ನು ಯಾರೂ ಹಿಡಿದುಕೊಳ್ಳುವುದಿಲ್ಲ. ತೊಡಕು ಶುರುವಾದದ್ದು ಇಸ್ತ್ರಿಪೆಟ್ಟಿಗೆ, ಕೆಟಲು, ಫ್ಯಾನುಗಳು ಬಂದಾಗ. ಗೋಡೆಯಲ್ಲಿ ಸಾಕೆಟ್ಟೇ ಇಲ್ಲದ ಕಾಲವದು. ಜನ ಬಲ್ಬನ್ನು ಬಿಚ್ಚಿ ಅದೇ ಹೋಲ್ಡರಿಗೆ ಇಸ್ತ್ರಿಪೆಟ್ಟಿಗೆಯ ವೈರನ್ನು ಸಿಕ್ಕಿಸುತ್ತಿದ್ದರು. ಅಮೆರಿಕದಲ್ಲಿ ಹಾರ್ವೆ ಹಬೆಲ್ 1904ರಲ್ಲಿ ಪೇಟೆಂಟ್ ಪಡೆದ ಬಿಡಿ ಪ್ಲಗ್ಗು ಕೂಡ ಬಲ್ಬಿನ ಹೋಲ್ಡರನ್ನೇ ನೆಚ್ಚಿಕೊಂಡಿತ್ತು. ಬ್ರಿಟನ್ನಿನಲ್ಲಿ ಹೋಲ್ಡರಿನಿಂದ ಇಸ್ತ್ರಿಪೆಟ್ಟಿಗೆ ನಡೆಸುವ ರೂಢಿ ಎರಡನೇ ಮಹಾಯುದ್ಧದ ನಂತರವೂ ಉಳಿದಿತ್ತು. ನಮ್ಮ ಹಳೆಯ ಮನೆಗಳಲ್ಲಿ ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವ ಪ್ಲಗ್ಗನ್ನು ಕಂಡವರು ಈಗಲೂ ಇದ್ದಾರೆ. ಹೋಲ್ಡರಿನಲ್ಲಿ ಇರುವುದು ಎರಡೇ ಮೊನೆ. ಮೂರನೆಯದಕ್ಕೆ ಅಲ್ಲಿ ಜಾಗವೇ ಇಲ್ಲ.

ಮೂರನೆಯದು ಏಕೆ ಬೇಕು? ಇಸ್ತ್ರಿಪೆಟ್ಟಿಗೆಯೊಳಗೆ ಫೇಸ್ ತಂತಿಯ ಸಿಪ್ಪೆ ಸವೆದು ಅದು ಲೋಹದ ಮೈಗೆ ತಗುಲಿತು ಎನ್ನೋಣ. ಪೆಟ್ಟಿಗೆ ಬಿಸಿಯಾಗುವುದು ನಿಲ್ಲುವುದಿಲ್ಲ, ಫ್ಯೂಸು ಹೋಗುವುದಿಲ್ಲ, ಹೊರಗಿನಿಂದ ಏನೂ ಕಾಣುವುದಿಲ್ಲ. ಪೆಟ್ಟಿಗೆಯ ಮೈ ಪೂರ್ತಿ 230 ವೋಲ್ಟಿನಲ್ಲಿ ಕಾಯುತ್ತಿರುತ್ತದೆ. ಒದ್ದೆ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತವರು ಅದನ್ನು ಮುಟ್ಟಿದರೆ ವಿದ್ಯುತ್ತು ಕೈಯಿಂದ ಎದೆ ಹಾದು ಕಾಲಿಗೆ ಇಳಿಯುತ್ತದೆ. ದೇಹದ ರೋಧ ಸಾವಿರದಿಂದ ಎರಡು ಸಾವಿರ ಓಮ್ ಎಂದು ಹಿಡಿದರೆ ಹರಿಯುವುದು ನೂರ ಹದಿನೈದರಿಂದ ಇನ್ನೂರ ಮೂವತ್ತು ಮಿಲಿ ಆಂಪಿಯರ್. 5 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಫ್ಯೂಸು ಇರುವುದು ವೈರು ಸುಡದಂತೆ ನೋಡಿಕೊಳ್ಳಲು. ಮನುಷ್ಯನ ಜೀವ ಅದರ ಅಳತೆಯಲ್ಲಿ ಬಹಳ ಸಣ್ಣದು.

ಎಷ್ಟು ಸಣ್ಣದು ಎಂಬುದನ್ನು ಅಳೆದು ನೋಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಅವರು ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ವಿದ್ಯುತ್ತನ್ನು ನಿಧಾನವಾಗಿ ಏರಿಸುತ್ತ, ಎಷ್ಟರ ತನಕ ಅವರು ತಾವಾಗಿ ಕೈಬಿಡಬಲ್ಲರು ಎಂದು ಗುರುತು ಹಾಕಿಕೊಂಡರು. 134 ಗಂಡಸರ ಸರಾಸರಿ 16 ಮಿಲಿ ಆಂಪಿಯರ್, 28 ಹೆಂಗಸರ ಸರಾಸರಿ ಹತ್ತೂವರೆ. ಅದಕ್ಕಿಂತ ಮೇಲೆ ಹೋದರೆ ಸ್ನಾಯುಗಳು ಬಿಗಿದುಕೊಂಡು ಬೆರಳು ಬಿಚ್ಚುವುದಿಲ್ಲ. 'ಕರೆಂಟು ಹಿಡ್ಕೊಂಡುಬಿಡ್ತು' ಎಂದು ನಮ್ಮ ಕಡೆ ಹೇಳುವ ಮಾತು ಶಾಸ್ತ್ರೀಯವಾಗಿಯೂ ನಿಜಕ್ಕೆ ತೀರ ಹತ್ತಿರದ್ದು. ಹಿಡಿದುಕೊಳ್ಳುವುದು ನಮ್ಮದೇ ಕೈ, ಆದರೆ ಆಗ ಅದು ನಮ್ಮ ಮಾತು ಕೇಳುವುದಿಲ್ಲ.

ಉಪಕರಣದ ಲೋಹದ ಮೈಯನ್ನು ದಪ್ಪ ತಂತಿಯೊಂದರಿಂದ ನೆಲಕ್ಕೆ ಕಟ್ಟಿಬಿಟ್ಟರೆ ಪರಿಸ್ಥಿತಿ ಬದಲಾಗುತ್ತದೆ. ಫೇಸ್ ಮೈಗೆ ತಗುಲಿದ ಕ್ಷಣವೇ ಆ ಸುಲಭದ ದಾರಿಯಲ್ಲಿ ಹತ್ತಾರು ಆಂಪಿಯರ್ ನುಗ್ಗಿ ಫ್ಯೂಸು ಕರಗುತ್ತದೆ. ಸಣ್ಣ ದೋಷವನ್ನು ಬೇಕೆಂದೇ ದೊಡ್ಡದು ಮಾಡಿ ಫ್ಯೂಸಿನ ಕಣ್ಣಿಗೆ ಬೀಳಿಸುವುದು ಮೂರನೆಯ ತಂತಿಯ ಕೆಲಸ. ಉಳಿದ ಹೊತ್ತೆಲ್ಲ ಅದು ಸುಮ್ಮನೆ ಬಿದ್ದಿರುತ್ತದೆ. ಇಲ್ಲದಿದ್ದರೂ ಇಸ್ತ್ರಿಪೆಟ್ಟಿಗೆ ಬಿಸಿಯಾಗುತ್ತದೆ, ಕೆಟಲಿನಲ್ಲಿ ನೀರು ಕುದಿಯುತ್ತದೆ. ಅದರ ಚರಿತ್ರೆಯ ತೊಡಕೆಲ್ಲ ಇಲ್ಲಿದೆ. ತಪ್ಪಾಗಿ ಕಟ್ಟಿದ ವೈರು ಕೂಡ ಬಹುಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ.

ಯೂರೋಪಿನಲ್ಲಿ ಈ ತಂತಿಗೆ ಪ್ಲಗ್ಗಿನಲ್ಲಿ ಜಾಗ ಸಿಕ್ಕಿದ್ದು 1920-30ರ ದಶಕಗಳಲ್ಲಿ. ಬವೇರಿಯಾದ ಆಲ್ಬರ್ಟ್ ಬ್ಯೂಟ್ನರ್ 1926ರಲ್ಲಿ, ಇಂದು ಷುಕೊ ಎಂದು ಕರೆಯುವ ಜರ್ಮನ್ ಪ್ಲಗ್ಗಿಗೆ ಪೇಟೆಂಟ್ ಪಡೆದ. ಅದರ ಪಕ್ಕೆಗಳಲ್ಲಿ ಅರ್ತ್ ಪಟ್ಟಿಗಳಿದ್ದವು. ಬ್ರಿಟನ್ನು 1934ರಲ್ಲಿ ಬಿಎಸ್ 546 ಎಂಬ ಮಾನಕವನ್ನು ಹೊರಡಿಸಿತು: ಮೂರು ದುಂಡನೆಯ ಪಿನ್ನು, ಮೇಲಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಈ ಪ್ಲಗ್ಗನ್ನು ನಿಮಗೆ ವರ್ಣಿಸಿ ಹೇಳಬೇಕಾಗಿಲ್ಲ, ನಿಮ್ಮ ಮನೆಯ ಗೋಡೆಯಲ್ಲೇ ಅದರ ವಂಶ ಇದೆ. ಉದ್ದದ ಪಿನ್ನು ಸಿಕ್ಕಿಸುವಾಗ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ವಿದ್ಯುತ್ತು ಬರುವ ಮೊದಲೇ ರಕ್ಷಣೆ ಬಂದಿರಬೇಕು ಎಂಬುದು ಅದರ ತರ್ಕ. ಸಾಮ್ರಾಜ್ಯ ಹೋದಲ್ಲೆಲ್ಲ ಈ ಪ್ಲಗ್ಗು ಹೋಯಿತು, ಭಾರತಕ್ಕೂ ಬಂತು.

ತಮಾಷೆಯೆಂದರೆ ಬ್ರಿಟನ್ನು ತಾನೇ ಅದನ್ನು ಕೈಬಿಡುವ ದಾರಿ ಹಿಡಿದದ್ದು 1947ರಲ್ಲಿ. ಬಾಂಬು ಬಿದ್ದು ನೆಲಸಮವಾದ ಊರುಗಳನ್ನು ಮತ್ತೆ ಕಟ್ಟಬೇಕಿತ್ತು, ತಾಮ್ರದ ಕೊರತೆಯಿತ್ತು. ಯುದ್ಧ ಮುಗಿಯುವ ಮೊದಲೇ ಕೂತಿದ್ದ ಸಮಿತಿಯೊಂದು 1944ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ, ಚಪ್ಪಟೆ ಪಿನ್ನಿನ, ತನ್ನೊಳಗೇ ಫ್ಯೂಸಿರುವ ಹೊಸ ಪ್ಲಗ್ಗು ಬಂತು. ಅರ್ತ್ ಪಿನ್ನು ಒಳಹೊಕ್ಕ ಮೇಲಷ್ಟೇ ಉಳಿದೆರಡು ರಂಧ್ರಗಳ ಮುಚ್ಚಳ ತೆರೆಯುವಂತೆ ಅದನ್ನು ಮಾಡಿದ್ದರು, ಮಕ್ಕಳು ಸೂಜಿ ಚುಚ್ಚದಿರಲಿ ಎಂದು. ಆ ಸಮಿತಿಯಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್. ಮಹಿಳಾ ಇಂಜಿನಿಯರುಗಳ ಸಂಘದ ಮೊದಲ ಕಾರ್ಯದರ್ಶಿಯಾಗಿದ್ದ ಆಕೆ 1924ರಲ್ಲಿ ಶುರುವಾದ ವಿದ್ಯುತ್ ಮಹಿಳಾ ಸಂಘವನ್ನು ಮುನ್ನಡೆಸಿದವರು. ವಿದ್ಯುತ್ತು ಹೆಂಗಸರ ಮನೆಗೆಲಸದ ಹೊರೆ ಇಳಿಸಬೇಕು, ಅದಕ್ಕೆ ಅವರು ವಿದ್ಯುತ್ತನ್ನು ಅರಿಯಬೇಕು ಎಂದು ನಂಬಿದ್ದರು. ಫ್ಯೂಸು ಹಾಕುವುದನ್ನು, ಪ್ಲಗ್ಗು ಕಟ್ಟುವುದನ್ನು ಗಂಡಸರಿಗೆ ಬಿಟ್ಟುಕೊಡಬಾರದು ಎಂಬ ಹಟ ಆ ಚಳವಳಿಯದು. ನನಗೆ ಆ ಹಟ ಬಹಳ ಇಷ್ಟ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಪ್ಲಗ್ಗು ಕಟ್ಟುವುದು ಪ್ರತಿ ಮನೆಯವರೂ ಕಲಿಯಲೇಬೇಕಾದ ವಿದ್ಯೆಯಾಗಿದ್ದು ಏಕೆ?

ಏಕೆಂದರೆ ಬ್ರಿಟನ್ನಿನಲ್ಲಿ ಉಪಕರಣಗಳನ್ನು ಪ್ಲಗ್ಗಿಲ್ಲದೆಯೇ ಮಾರುತ್ತಿದ್ದರು. ಒಂದು ಮನೆಯಲ್ಲಿ ಹಳೆಯ ದುಂಡು ಪಿನ್ನಿನ ಸಾಕೆಟ್ಟು, ಇನ್ನೊಂದರಲ್ಲಿ ಹೊಸ ಚಪ್ಪಟೆಯದು. ಯಾವ ಪ್ಲಗ್ಗು ಅಂತ ಹಾಕಿ ಕಳಿಸುವುದು? ಕಂಪನಿಗಳು ವೈರಿನ ತುದಿಯಲ್ಲಿ ಮೂರು ಬರಿ ತಂತಿಗಳನ್ನು ಬಿಟ್ಟು ಕೈತೊಳೆದುಕೊಂಡವು. ಕೊಂಡವರು ಪ್ಲಗ್ಗನ್ನು ಬೇರೆಯಾಗಿ ತಂದು ಅಡುಗೆಮನೆಯ ಮೇಜಿನ ಮೇಲೆ ಕೂತು ಕಟ್ಟಿಕೊಳ್ಳಬೇಕು. ದಶಕಗಳ ಕಾಲ ಆ ದೇಶದ ವಿದ್ಯುತ್ ಸುರಕ್ಷತೆಯ ಕೊನೆಯ ಸ್ಕ್ರೂ ಬಿಗಿದದ್ದು ಅಡುಗೆಮನೆಯ ಚಾಕು.

ಮನೆಯವರಿಗೆ ಇದ್ದ ಒಂದೇ ಆಧಾರ ಬಣ್ಣ. ಬ್ರಿಟನ್ನಿನಲ್ಲಿ ಕೆಂಪು ಎಂದರೆ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಜರ್ಮನಿಯಲ್ಲಿ 1960ರ ದಶಕದ ಮಧ್ಯದ ತನಕ ಕಪ್ಪು ಫೇಸ್, ಬೂದು ನ್ಯೂಟ್ರಲ್, ಕೆಂಪು ಅರ್ತ್. ಕೆಂಪು ಅಪಾಯದ ಬಣ್ಣ ಎಂದು ಬ್ರಿಟಿಷರು ಅದನ್ನು ವಿದ್ಯುತ್ತಿರುವ ತಂತಿಗೆ ಕೊಟ್ಟಿದ್ದರೆ, ಜರ್ಮನ್ನರ ಕೆಂಪು ಅಪಾಯದಿಂದ ಕಾಪಾಡುವ ತಂತಿಯ ಮೇಲಿತ್ತು. ಯುದ್ಧಾನಂತರದ ವ್ಯಾಪಾರದಲ್ಲಿ ಜರ್ಮನ್ ಉಪಕರಣಗಳು ಬ್ರಿಟಿಷ್ ಅಡುಗೆಮನೆಗಳಿಗೆ ಬಂದವು. ಈಗ ಊಹಿಸಿ: ತನ್ನ ದೇಶದ ನಿಯಮ ಚೆನ್ನಾಗಿ ಬಲ್ಲ ಗೃಹಸ್ಥ ಕೆಂಪನ್ನು ಫೇಸ್ ಪಿನ್ನಿಗೆ, ಕಪ್ಪನ್ನು ನ್ಯೂಟ್ರಲಿಗೆ, ಉಳಿದ ಬೂದನ್ನು ಅರ್ತ್‌ಗೆ ಕಟ್ಟುತ್ತಾನೆ. ಸ್ವಿಚ್ಚು ಒತ್ತಿದರೆ ಉಪಕರಣ ಚಾಲೂ ಆಗುವುದಿಲ್ಲ, ಏಕೆಂದರೆ ನ್ಯೂಟ್ರಲಿಗೂ ಅರ್ತ್‌ಗೂ ನಡುವೆ ವೋಲ್ಟೇಜೇ ಇಲ್ಲ. ಅದರ ಲೋಹದ ಮೈ ಮಾತ್ರ ನೇರ ಫೇಸಿಗೆ ಕಟ್ಟಿಕೊಂಡಿದೆ. ಏನಾಯಿತೆಂದು ನೋಡಲು ಆತ ಅದನ್ನು ಎತ್ತಿಕೊಳ್ಳುತ್ತಾನೆ.

ಆತ ಅಜಾಗರೂಕನಾಗಿರಲಿಲ್ಲ, ಬಣ್ಣವನ್ನು ನೋಡಿಯೇ ಕಟ್ಟಿದ್ದ. ಇಂಥ ಗೊಂದಲವನ್ನು ತಪ್ಪಿಸಲು ಯೂರೋಪಿನ ದೇಶಗಳು ಒಂದೇ ಬಣ್ಣಗಳಿಗೆ ಒಪ್ಪಿಕೊಂಡವು. ಬ್ರಿಟನ್ನು 1969ರಲ್ಲಿ ಉಪಕರಣಗಳ ಬಣ್ಣದ ನಿಯಮಾವಳಿಯನ್ನೇ ಹೊರಡಿಸಿತು: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ತ್. ಹಳೆಯ ಬ್ರಿಟಿಷ್ ಬಣ್ಣಗಳಲ್ಲಿ ಇನ್ನೊಂದು ಕುತ್ತಿತ್ತು. ಯೂರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಕೆಂಪು-ಹಸಿರುಗಳ ಭೇದ ಸರಿಯಾಗಿ ಕಾಣದು. ಮನುಷ್ಯನನ್ನು ಕೊಲ್ಲುವ ತಂತಿಗೂ ಕಾಯುವ ತಂತಿಗೂ ಅವೇ ಎರಡು ಬಣ್ಣಗಳನ್ನು ಕೊಟ್ಟಿದ್ದರು! ವರ್ಣಾಂಧತೆಯನ್ನು ತನ್ನ ಕಣ್ಣಿನಲ್ಲೇ ಗುರುತಿಸಿ 1794ರಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದ ಜಾನ್ ಡಾಲ್ಟನ್ ಅದೇ ದೇಶದವನು ಎಂಬುದನ್ನು ನೆನೆದರೆ ವಿಚಿತ್ರ ಎನಿಸುತ್ತದೆ. ಹೊಸ ಅರ್ತ್ ತಂತಿಯ ಮೇಲೆ ಪಟ್ಟೆ ಇರುವುದರಿಂದ ಬಣ್ಣ ಕಾಣದವರೂ ಅದನ್ನು ಗುರುತಿಸಬಲ್ಲರು.

ಅಷ್ಟಾದರೂ ಪ್ಲಗ್ಗು ಕಟ್ಟುವ ಕೆಲಸ ಮನೆಯವರ ತಲೆಯಿಂದ ಇಳಿಯಲಿಲ್ಲ. ಮನೆಬಳಕೆಯ ಉಪಕರಣಗಳನ್ನು ಪ್ಲಗ್ಗು ಸಮೇತವೇ ಮಾರಬೇಕೆಂಬ ನಿಯಮ ಬ್ರಿಟನ್ನಿನಲ್ಲಿ ಬಂದದ್ದು 1994ರಲ್ಲಿ. ಅರವತ್ತು ವರ್ಷಗಳ ಹಿಂದೆಯೇ ಮೂರು ಪಿನ್ನಿನ ಮಾನಕ ಬರೆದಿದ್ದ ದೇಶ ಅದು. ತಜ್ಞರು ಪ್ಲಗ್ಗಿನ ಪಿನ್ನಿನ ಉದ್ದವನ್ನು ಮಿಲಿಮೀಟರಿನ ಭಾಗಗಳಲ್ಲಿ ನಿಗದಿ ಮಾಡಿದರು. ಯಾರು ಕಟ್ಟಬೇಕು ಎಂಬ ಪ್ರಶ್ನೆಯನ್ನು ಮಾತ್ರ ಗ್ರಾಹಕರಿಗೆ ಕಲಿಸಿದರಾಯಿತು ಎಂದು ಮುಂದೂಡುತ್ತ ಬಂದರು. ಕಲಿಸುವುದು ಒಳ್ಳೆಯದೇ. ಆದರೆ ಜವಾಬ್ದಾರಿಯನ್ನು ಕಾರ್ಖಾನೆಯಿಂದ ಮನೆಗೆ ಸಾಗಿಸುವ ಅಗ್ಗದ ವಾಹನವಾಗಿಯೂ ಈ 'ಜಾಗೃತಿ' ಕೆಲಸ ಮಾಡುತ್ತದೆ ಎಂಬುದು ಆ ಅರವತ್ತು ವರ್ಷಗಳನ್ನು ನೋಡಿದ ಮೇಲೆ ನನಗನ್ನಿಸಿದ್ದು.

ಭಾರತದಲ್ಲಿ ಕಾನೂನು ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದು ನಿಂತಿತು. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ವೈರಿಂಗನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕೆಂದು ವಿಧಿಸಿದವು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಕರಣಗಳನ್ನು ಬದಲಿಸುವ ಸಣ್ಣ ಕೆಲಸಗಳಿಗೆ ಅದರಿಂದ ವಿನಾಯಿತಿ. ವಿನಾಯಿತಿ ನ್ಯಾಯವಾದದ್ದೇ, ಬಲ್ಬು ಬದಲಿಸಲು ಯಾರೂ ಲೈಸೆನ್ಸಿನವರನ್ನು ಕರೆಸುವುದಿಲ್ಲ. ಆದರೆ ಗೋಡೆಯೊಳಗಿನ ತಂತಿ ಸರ್ಕಾರದ ಕಣ್ಣಿಗೆ ಬಿತ್ತು, ಗೋಡೆಯ ಹೊರಗಿನ ಒಂದೂವರೆ ಮೀಟರ್ ಮನೆಯವರ ಪಾಲಿಗೆ ಬಿತ್ತು. ದುಂಡು ಪಿನ್ನಿನ ಪ್ಲಗ್ಗನ್ನು ನಾವು ಐಎಸ್ 1293 ಎಂಬ ನಮ್ಮದೇ ಮಾನಕದಡಿ ಉಳಿಸಿಕೊಂಡೆವು. 5 ಮತ್ತು 15 ಆಂಪಿಯರ್ ಎಂದಿದ್ದದ್ದು ಮುಂದೆ 6 ಮತ್ತು 16 ಆಯಿತು. ಪಿವಿಸಿ ವೈರಿಗೆ ಐಎಸ್ 694 ಇದೆ, 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಅದಕ್ಕೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕಾಗದದ ಮೇಲೆ ಕೊರತೆಯಿಲ್ಲ.

ಗೋಡೆಯ ಹೊರಗೆ ನಡೆಯುವುದನ್ನು ಯಾವ ಹಾಸ್ಟೆಲ್ಲಿಗೆ ಹೋದರೂ ನೋಡಬಹುದು. ಪ್ಲಗ್ಗು ಒಡೆದುಹೋದ ವೈರಿನ ಎರಡು ಬರಿ ತುದಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡಿರುತ್ತಾರೆ. ಎರಡು ಪಿನ್ನಿನ ಪ್ಲಗ್ಗು ಹೋಗದಿದ್ದರೆ ಮೇಲಿನ ರಂಧ್ರಕ್ಕೆ ಪೆನ್ನಿನ ತುದಿ ಒತ್ತಿ ಮುಚ್ಚಳ ತೆರೆಸುತ್ತಾರೆ. ಮಕ್ಕಳ ಕೈಯಿಂದ ಕಾಪಾಡಲು ಮಾಡಿದ ಆ ಯುಕ್ತಿಯನ್ನು ಮಕ್ಕಳೇ ಮೊದಲು ಕಲಿಯುತ್ತಾರೆ. ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡಿಗೆ ಕರೆಗಂಟೆಯ ತೆಳು ವೈರು ಜೋಡಿಸಿ ಉದ್ದ ಮಾಡಿರುತ್ತಾರೆ. 1500 ವ್ಯಾಟಿನ ರಾಡು ಎಳೆಯುವುದು ಸುಮಾರು ಆರೂವರೆ ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಎರಡರಷ್ಟು ಹರಿದರೆ ಬಿಸಿ ನಾಲ್ಕರಷ್ಟು. ಇಂಥ ಸುಧಾರಣೆಗಳ ಹಿಂದೆ ಇರುವುದು ಬಹುಪಾಲು ಹಣದ ಮುಗ್ಗಟ್ಟೇ ಹೊರತು ದಡ್ಡತನವಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಎರಡೂ ತುದಿಗೆ ಪ್ಲಗ್ಗಿರುವ ವೈರು. ಕರೆಂಟು ಹೋದಾಗ ಜನರೇಟರಿನಿಂದ ಮನೆಯ ಸಾಕೆಟ್ಟಿಗೇ ವಿದ್ಯುತ್ತು ಹಿಮ್ಮುಖ ತುಂಬಲು ಕೆಲವರು ಇದನ್ನು ಕಟ್ಟಿಕೊಳ್ಳುತ್ತಾರೆ. ಅಮೆರಿಕದ ಎಲೆಕ್ಟ್ರಿಷಿಯನ್ನರು ಇದಕ್ಕಿಟ್ಟ ಹೆಸರು 'ಆತ್ಮಹತ್ಯೆಯ ವೈರು'. ಒಂದು ತುದಿ ಸಿಕ್ಕಿಸಿದರೆ ಇನ್ನೊಂದು ತುದಿಯ ಬರಿ ಪಿನ್ನುಗಳಲ್ಲಿ ಪೂರ್ತಿ ವೋಲ್ಟೇಜು. ಆದರೆ ಆ ಹೆಸರು ಅರ್ಧ ಸುಳ್ಳು, ಸಾಯುವುದು ಕಟ್ಟಿಕೊಂಡವನೇ ಆಗಬೇಕೆಂದಿಲ್ಲ. ಮೇನ್ ಸ್ವಿಚ್ಚು ಆರಿಸದಿದ್ದರೆ ಆ ವಿದ್ಯುತ್ತು ಮೀಟರು ದಾಟಿ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ ಹಿಮ್ಮುಖವಾಗಿ 11 ಸಾವಿರ ವೋಲ್ಟಿನ ತನಕ ಏರಬಲ್ಲದು. ಲೈನು ಸತ್ತಿದೆಯೆಂದು ನಂಬಿ ಕಂಬದ ಮೇಲಿರುವವನು ಬೇರೊಬ್ಬ.

ಮನೆಯಲ್ಲಿ ವೈರು ಕಟ್ಟಲೇಬೇಕಾದವರಿಗೆ ಹಳೆಯ ಕೆಲಸಗಾರರಲ್ಲಿ ಒಂದೆರಡು ಸೂಕ್ಷ್ಮಗಳಿವೆ, ಮಾನಕಗಳ ತರ್ಕವೂ ಅದರಲ್ಲೇ ಇದೆ. ಪ್ಲಗ್ಗಿನೊಳಗೆ ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡುತ್ತಾರೆ. ಯಾರೋ ಎಡವಿ ವೈರು ಕಿತ್ತುಬಂದರೆ ಮೊದಲು ಫೇಸ್ ಬಿಡಬೇಕು, ಕೊನೆಗೆ ಅರ್ತ್. ಎಳೆತಂತಿಗಳ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿದರೆ ಗಟ್ಟಿ ಎಂದು ನಮಗೆ ತೋರುತ್ತದೆ. ಬೆಸುಗೆಯ ಲೋಹ ಮೃದು, ಒತ್ತಡಕ್ಕೆ ದಿನಕಳೆದಂತೆ ಜರುಗಿ ಸ್ಕ್ರೂ ಸಡಿಲವಾಗುತ್ತದೆ, ಸಡಿಲವಾದ ಜಾಗ ಬಿಸಿಯಾಗುತ್ತದೆ. ಎಳೆಗಳನ್ನು ಚೆನ್ನಾಗಿ ಹೊಸೆದು ಬಿಗಿಯುವುದೇ ಲೇಸು. ವೈರಿನ ಹೊರಗಿನ ಸಿಪ್ಪೆ ಪ್ಲಗ್ಗಿನ ಹಿಡಿಕೆಯೊಳಗೆ ಸಿಕ್ಕಿಕೊಂಡಿರಬೇಕು, ಭಾರವನ್ನು ತಾಮ್ರ ಹೊರಬಾರದು. ಮುಗಿದ ಮೇಲೆ ಸ್ವಿಚ್ಚು ಒತ್ತಿ ನೋಡುವುದು ಪರೀಕ್ಷೆಯಲ್ಲ. ಗೋಡೆಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಅರ್ತ್ ಪಿನ್ನಿಗೆ, ಇನ್ನೊಂದನ್ನು ಉಪಕರಣದ ಲೋಹದ ಮೈಗೆ ಇಟ್ಟು ಸಂಪರ್ಕ ಇದೆಯೇ ಎಂದು ನೋಡುವುದು ಪರೀಕ್ಷೆ. ಚೌಕದೊಳಗೆ ಚೌಕದ ಗುರುತಿರುವ ಉಪಕರಣಗಳಿಗೆ ಇದು ಬೇಡ. ಅವುಗಳ ಒಳಗೆ ಎರಡು ಪದರದ ನಿರೋಧಕ ಇರುವುದರಿಂದ ಎರಡೇ ತಂತಿ ಸಾಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಾಕೆಟ್ಟಿನ ಮೂರನೆಯ ರಂಧ್ರದ ಹಿಂದೆ ತಂತಿಯೇ ಇಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದ್ದರೂ ಅದು ಇಳಿಯುವುದು ಹಿತ್ತಲಿನ ಗುಂಡಿಗೆ. ಇದ್ದಿಲು, ಉಪ್ಪು ತುಂಬಿ ಮುಚ್ಚಿದ ಆ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕೆಂದು ಎಲ್ಲರಿಗೂ ಹೇಳಿರುತ್ತಾರೆ, ನೆನಪಿಟ್ಟುಕೊಂಡು ಹಾಕುವವರು ಕಡಿಮೆ. ನೆಲ ಒಣಗಿ ರೋಧ ಹತ್ತು ಓಮ್ ಆದರೆ ಹರಿಯುವುದು 23 ಆಂಪಿಯರ್. 5 ಆಂಪಿಯರಿನ ಹಳೆಯ ಫ್ಯೂಸು ಅದಕ್ಕೆ ಕರಗುತ್ತಿತ್ತು, 32 ಆಂಪಿಯರಿನ ಎಂಸಿಬಿ ಅಲುಗುವುದಿಲ್ಲ. ಡಾಲ್ಜಿಯೆಲ್ 1961ರಲ್ಲಿ ರೂಪಿಸಿದ ಉಪಕರಣದ ಬಳಗಕ್ಕೆ ಸೇರಿದ, 30 ಮಿಲಿ ಆಂಪಿಯರ್ ಸೋರಿದರೂ ಕಡಿದುಹಾಕುವ ಆರ್‌ಸಿಸಿಬಿ ಮನೆಗೆ ಬೇಕಾಗುವುದು ಇಂಥಲ್ಲಿ. ಸ್ವಯಂಸೇವಕರ ಬೆರಳುಗಳು ಬರೆದುಕೊಟ್ಟ ಆ ಅಂಕಿಗಳಿಗೂ ಈ ಮೂವತ್ತಕ್ಕೂ ಇರುವ ನಂಟು ಓದುಗರಿಗೆ ಹೊಳೆಯದಿರದು.

ಇನ್ನು ಬಣ್ಣ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮಕ್ಕಳು ಓದುವುದು ಕೆಂಪು ಸಜೀವ ತಂತಿ, ಕಪ್ಪು ತಟಸ್ಥ ತಂತಿ, ಹಸಿರು ಭೂಸಂಪರ್ಕ ತಂತಿ ಎಂದು. ನಮ್ಮ ಗೋಡೆಗಳ ಒಳಗಿನ ರೂಢಿಗೆ ಅದು ಸರಿಯೇ. ಆದರೆ ಅದೇ ಮಕ್ಕಳ ಮನೆಯ ಎಷ್ಟೋ ಉಪಕರಣಗಳ ವೈರು ಬಿಚ್ಚಿದರೆ ಕಂದು, ನೀಲಿ, ಹಸಿರು-ಹಳದಿ. ಅದಕ್ಕಿಂತ ತೊಡಕಿನದು ನೀಲಿಯದು. ತ್ರೀ ಫೇಸ್ ಸಂಪರ್ಕವಿರುವ ಮನೆಯಲ್ಲಿ ಮೂರು ಫೇಸುಗಳ ಬಣ್ಣ ಕೆಂಪು, ಹಳದಿ, ನೀಲಿ. ಅಲ್ಲಿ ಗೋಡೆಯಿಂದ ಬರುವ ನೀಲಿ ಎಂದರೆ ಫೇಸ್, ಉಪಕರಣದಿಂದ ಬರುವ ನೀಲಿ ಎಂದರೆ ನ್ಯೂಟ್ರಲ್. ಬ್ರಿಟನ್ನೂ ಇದೇ ಗೊಂದಲದಲ್ಲಿ ಮೂರೂವರೆ ದಶಕ ಕಳೆದು, 2004ರಲ್ಲಿ ಗೋಡೆಯೊಳಗಿನ ಬಣ್ಣಗಳನ್ನೂ ಬದಲಿಸಲು ಹೊರಟಿತು. ಹಳೆಯ ಮನೆಗಳಲ್ಲಿ ಎರಡೂ ಬಗೆ ಸೇರಿಕೊಂಡಿರುವ ಕಡೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ವಿಧಿಸಿತು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡೂ ಬಗೆಯ ತ್ರೀ ಕೋರ್ ವೈರಿನ ಸುರುಳಿಗಳು ಅಕ್ಕಪಕ್ಕದ ಮೊಳೆಗಳಲ್ಲಿ ತೂಗುತ್ತಿರುತ್ತವೆ. ಎಷ್ಟು ಮೀಟರ್ ಎಂದು ಕೇಳಿ, ಅಳೆದು, ಕತ್ತರಿಸಿ ಕೊಡುತ್ತಾರೆ.